ಹುದ್ದೆ: ಒಂದು



ಅಣ್ಣನ ಮಗಳು ಒಂದು ಜಾಹೀರಾತು ಕಳಿಸಿ 'ಚಿಕ್ಕಪ್ಪ, ಹಾಕ್ಲಾ?' ಅಂದಳು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಜೀವಕೋಶ ಪ್ರಯೋಗಾಲಯ. ಜೂನಿಯರ್ ರಿಸರ್ಚ್ ಫೆಲೋ, ತಿಂಗಳಿಗೆ 37,000 ರೂಪಾಯಿ. ಹುದ್ದೆ: ಒಂದು. ಸೆಲ್ ಕಲ್ಚರ್, ಕಾನ್‌ಫೋಕಲ್ ಮೈಕ್ರೋಸ್ಕೋಪ್ ಅನುಭವ ಇದ್ದವರಿಗೆ ಆದ್ಯತೆಯಂತೆ. ಸರ್ಕಾರಿ ಕಾಲೇಜಲ್ಲಿ ಓದಿದ ಹುಡುಗಿ ಕಣ್ರೀ. ಈರುಳ್ಳಿ ಬೇರಿನ ತುದಿ ಜಜ್ಜಿ ಕೋಶವಿಭಜನೆ ನೋಡಿದಾಳೆ, ಅದೂ ನಾಲ್ಕು ಜನಕ್ಕೊಂದು ಮೈಕ್ರೋಸ್ಕೋಪಲ್ಲಿ. ಕಾನ್‌ಫೋಕಲ್ಲನ್ನ ಇವಳು ಎಲ್ಲಿ ಮುಟ್ಟಬೇಕಿತ್ತು?

20 ವರ್ಷ ರೋಸ್ಟರ್ ರಿಜಿಸ್ಟರ್ ಬರೆದ ಗುಮಾಸ್ತ ನಾನು. ಈ 'ಒಂದು' ಅನ್ನೋದರ ಆಟ ಗೊತ್ತು. ಪ್ರತಿ ಪ್ರಾಜೆಕ್ಟೂ ಬೇರೆ, ಪ್ರತಿ ಸಲವೂ ಹುದ್ದೆ ಒಂದೇ, ಹಾಗಾಗಿ ರೋಸ್ಟರೇ ಬರಲ್ಲ ಅಂತಾರೆ. 45 ದಿನ ಮೀರಿದ ತಾತ್ಕಾಲಿಕ ನೇಮಕಾತಿಗೂ ಮೀಸಲಾತಿ ಕೊಡಿ ಅಂತ ಕೇಂದ್ರದ್ದೇ ಆದೇಶ ಇದೆಯಲ್ಲ ಸ್ವಾಮಿ? ಕೇಳಿದ್ರೆ, 'ಇದು ಹುದ್ದೆಯಲ್ಲ, ಫೆಲೋಶಿಪ್ಪು.'

ಮೇಲಿನ ಮೆಟ್ಟಿಲು ನೋಡಿ. ಕೇಂದ್ರ ಶಿಕ್ಷಣ ಸಂಸ್ಥೆಗಳ ಬೋಧಕರ ನೇಮಕಾತಿಗೆ ಮೀಸಲಾತಿ ಕೊಟ್ಟ 2019ರ ಕಾಯ್ದೆ, ಸೆಕ್ಷನ್ 4ರಲ್ಲಿ 'ಉತ್ಕೃಷ್ಟ' ಸಂಸ್ಥೆಗಳನ್ನ ಹೊರಗಿಟ್ಟಿದೆ. ಆ ಪಟ್ಟಿಯಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಇದೆ, ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರವೂ ಇದೆ. ಉತ್ಕೃಷ್ಟ ಅಂದ್ರೆ ನಾವಿಲ್ಲದ ಜಾಗ ಅಂತ ಪಾರ್ಲಿಮೆಂಟೇ ಬರೆದು ಕೊಟ್ಟ ಹಾಗಾಯ್ತು. ತೆರಿಗೆ ದುಡ್ಡು ಮಾತ್ರ ನಮ್ಮದೂ ಆಗುತ್ತೆ.

ಅವಳು ಅರ್ಜಿ ಹಾಕಿದಾಳೆ. ಇಂಥ ಜಾಹೀರಾತು ಕಂಡವರು ಕಮೆಂಟಲ್ಲಿ ಹಾಕಿ. ಐದು ವರ್ಷದಲ್ಲಿ ಈ ಥರದ 'ಒಂದು' ಹುದ್ದೆ ಎಷ್ಟಾಯ್ತು, ಅದರಲ್ಲಿ ನಮ್ಮೋರೆಷ್ಟು ಅಂತ ಆರ್‌ಟಿಐನಲ್ಲಿ ಕೇಳೋಣ. ಟೈಪ್ ಮಾಡೋದು ನನ್ನ ಕೆಲಸ, 10 ರೂಪಾಯಿ ಪೋಸ್ಟಲ್ ಆರ್ಡರೂ ನಂದೇ.