ಮನೆಮಂದಿಯ ಕಂಪ್ಯೂಟರ್: ಚಿತ್ರಸಂಪುಟ ತೆರೆಯುವ ಮೊದಲು



ಅಜ್ಜ-ಅಜ್ಜಿಯ ಮದುವೆಯ ಕಪ್ಪು-ಬಿಳುಪು ಚಿತ್ರ ನಿಮ್ಮ ಮನೆಯಲ್ಲಿ ಎಲ್ಲಿದೆ? ಕಪಾಟಿನ ಆಲ್ಬಮಿನಲ್ಲಿ ಮಳೆಗಾಲದ ಬೂಷ್ಟು ಹಿಡಿಯುತ್ತಿದೆಯೇ? ನಮ್ಮ ಮನೆಯಲ್ಲೂ ಅದೇ ಅವಸ್ಥೆಯಾಗಿತ್ತು. ಹಾಗಾಗಿ ಎಲ್ಲವನ್ನೂ ಸ್ಕ್ಯಾನ್ ಮಾಡಿ, ಮುಂಬಯಿ, ಗಲ್ಫ್ ಎಂದು ಚದುರಿರುವ ನಮ್ಮವರೆಲ್ಲ ನೋಡುವಂತೆ ಅಂತರ್ಜಾಲದಲ್ಲಿ ಸ್ವಂತ ಚಿತ್ರಸಂಪುಟ ತೆರೆಯಲು ಹೊರಟೆವು. ಪುಕ್ಕಟೆ ಸೇವೆಗಳನ್ನೇ ನಂಬಿ ಕೂರುವಂತಿಲ್ಲ. ಗೂಗಲಿನ ಪಿಕಾಸಾ 2016ರಲ್ಲಿ ನಿಂತುಹೋದದ್ದು ಹಲವರಿಗೆ ನೆನಪಿರಬಹುದು.

ನಾವು ಆರಿಸಿದ ತಂತ್ರಾಂಶ ಪಿವಿಗೋ. ಫ್ರಾನ್ಸಿನ ಪಿಯೆರಿಕ್ ಲೆ ಗಾಲ್ ಎಂಬವರು 2002ರಲ್ಲಿ ಬೇರೆ ಹೆಸರಿನಲ್ಲಿ ಹೊರತಂದ ಇದಕ್ಕೆ 2009ರಲ್ಲಿ ಈಗಿನ ಹೆಸರು ಬಂತು. ಇದಕ್ಕೆ ಹಣ ಕೊಡಬೇಕಾಗಿಲ್ಲ. ಜಾಲತಾಣಕ್ಕೆ ಬಾಡಿಗೆ ಜಾಗವೊಂದು ಇದ್ದರೆ ಸಾಕು. ಅರ್ಧ ಗಂಟೆಯ ಕೆಲಸವೆಂದು ಕುಳಿತ ನಮಗೆ ಮೂರು ಸಂಜೆಗಳು ಬೇಕಾದವು. ನಿಮಗೂ ಹಾಗಾಗದಿರಲೆಂದು ಆ ತೊಡಕುಗಳನ್ನು ಇಲ್ಲಿ ಹೇಳುತ್ತೇವೆ.

ಮೊದಲ ತೊಡಕು: ಡೇಟಾಬೇಸ್. ಚಿತ್ರಗಳು ಕಡತಗಳಾಗಿಯೇ ಇರುತ್ತವೆ. ಅವುಗಳ ಶೀರ್ಷಿಕೆ, ವಿವರ, ಯಾರು ನೋಡಬಹುದು ಎಂಬ ಲೆಕ್ಕವೆಲ್ಲ ಡೇಟಾಬೇಸಿನಲ್ಲಿ. ಮೊದಲ ಪುಟವೇ ಅದರ ಹೆಸರು, ಬಳಕೆದಾರ, ಪಾಸ್‌ವರ್ಡ್ ಕೇಳುತ್ತದೆ. ನಾವು ಮೂರು ಸಲ ಬರೆದರೂ 'ಸಂಪರ್ಕ ಆಗಲಿಲ್ಲ' ಎಂದೇ ಬಂತು. ಪಾಸ್‌ವರ್ಡ್ ಸರಿಯೇ ಇತ್ತು. ಆದರೆ ಬಾಡಿಗೆ ಜಾಗದವರು ಡೇಟಾಬೇಸಿನ ಹೆಸರಿಗೂ ಬಳಕೆದಾರನ ಹೆಸರಿಗೂ ಮುಂದೆ ನಮ್ಮ ಖಾತೆಯ ಹೆಸರನ್ನು ಸೇರಿಸಿದ್ದರು. ನಾವು ಬರೆದದ್ದು ಅರ್ಧ ಹೆಸರು. ಇನ್ನೊಂದು ವಿಷಯ: ಬಳಕೆದಾರನನ್ನು ಸೃಷ್ಟಿಸಿದರೆ ಸಾಲದು, ಅವನಿಗೆ ಆ ಡೇಟಾಬೇಸಿನ ಅಧಿಕಾರವನ್ನೂ ಕೊಡಬೇಕು.

ಎರಡನೆಯದು: ಬರೆಯುವ ಅನುಮತಿ. ಪಿವಿಗೋ ತನ್ನ ಸಂರಚನೆಯ ಕಡತವನ್ನು ಸರ್ವರಿನಲ್ಲಿ ತಾನೇ ಬರೆದಿಡಬೇಕು. ಆ ಫೋಲ್ಡರಿಗೆ ಅನುಮತಿ ಇಲ್ಲದಿದ್ದರೆ ಅದಕ್ಕೆ ಬರೆಯಲಾಗದು. ಆಗ ಕಡತವನ್ನು ನಮ್ಮ ಕೈಗೇ ಕೊಡುತ್ತದೆ, ನಾವೇ ಅದರ ಜಾಗದಲ್ಲಿ ಇಡಬೇಕು. ಚಿತ್ರ ಸೇರುವ ಫೋಲ್ಡರಿಗೂ ಇದೇ ಮಾತು. 'ಎಲ್ಲದಕ್ಕೂ 777 ಕೊಟ್ಟುಬಿಡಿ' ಎಂದು ಸಲಹೆ ಕೊಡುವವರಿದ್ದಾರೆ. ಅದೆಂದರೆ ಆ ಸರ್ವರಿನಲ್ಲಿರುವ ಯಾರು ಬೇಕಾದರೂ ಬರೆಯಬಹುದು ಎಂದು ಬಾಗಿಲು ತೆರೆದಿಟ್ಟಂತೆ. ಸಾಮಾನ್ಯವಾಗಿ 755 ಸಾಕು. ಸಾಲದಿದ್ದರೆ ಜಾಗ ಕೊಟ್ಟವರನ್ನೇ ಕೇಳಿ.

ಮೂರನೆಯದು: ಕಾಣದ ಚಿತ್ರಗಳು. ಬಹಳ ಚಿತ್ರಗಳಿದ್ದುದರಿಂದ ಎಫ್‌ಟಿಪಿ ಮೂಲಕ ಒಟ್ಟಿಗೆ ಕಳುಹಿಸಿದೆವು. 'ಮದುವೆ 1974' ಎಂದು ಕನ್ನಡದಲ್ಲಿ ಹೆಸರಿಟ್ಟ ಕಡತಗಳನ್ನು ಪಿವಿಗೋ ಒಪ್ಪಲಿಲ್ಲ. ಈ ದಾರಿಯಲ್ಲಿ ಬರುವ ಕಡತದ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕೆ, ಅಡ್ಡಗೆರೆ, ಅಡಿಗೆರೆ, ಚುಕ್ಕಿ ಮಾತ್ರ ಇರಬೇಕು. ನಡುವೆ ಜಾಗವೂ ಕೂಡದು. ಆಲ್ಬಮಿನ ಶೀರ್ಷಿಕೆಯನ್ನು ಕನ್ನಡದಲ್ಲಿ ಧಾರಾಳವಾಗಿ ಬರೆಯಬಹುದು.

ಹೆಸರು ತಿದ್ದಿದ ಮೇಲೂ ಕೆಲವು ಚಿತ್ರಗಳ ಚಿಕ್ಕ ಪ್ರತಿ ಮೂಡಲಿಲ್ಲ. 8×10 ಇಂಚಿನ ಚಿತ್ರವನ್ನು ಇಂಚಿಗೆ 600 ಬಿಂದುವಿನಂತೆ ಸ್ಕ್ಯಾನ್ ಮಾಡಿದರೆ 4800×6000, ಅಂದರೆ 2.88 ಕೋಟಿ ಬಿಂದುಗಳು. ಅದನ್ನು ಬಿಡಿಸಲು ಬಿಂದುವಿಗೆ 4 ಬೈಟಿನಂತೆ ಸುಮಾರು 110 ಎಂಬಿ ನೆನಪುಶಕ್ತಿ ಬೇಕು. ನಮಗೆ ಸಿಕ್ಕಿದ್ದು 64! ಮಿತಿ ಹೆಚ್ಚಿಸಿಕೊಳ್ಳಿ, ಇಲ್ಲವೇ ಚಿಕ್ಕದಾಗಿಸಿದ ಪ್ರತಿಯನ್ನು ಏರಿಸಿ ದೊಡ್ಡದನ್ನು ಮನೆಯಲ್ಲಿ ಇಟ್ಟುಕೊಳ್ಳಿ.

ಈ ಮೂರೂ ಕೂಗಿ ಹೇಳುವ ತಪ್ಪುಗಳು. ನಾಲ್ಕನೆಯದು ಮಾತೇ ಆಡುವುದಿಲ್ಲ. ಎಲ್ಲ ಚಿತ್ರಗಳೂ ಚೆಂದವಾಗಿ ಕಂಡವೆಂದು ನಾವು ಸಂತೋಷದಿಂದ ಮಲಗಿದೆವು. ಮರುದಿನ ಲಾಗಿನ್ ಆಗದೆಯೇ ಪುಟ ತೆರೆದಾಗ, ಮಕ್ಕಳು ತೋಡಿನಲ್ಲಿ ಸ್ನಾನ ಮಾಡುವ ಚಿತ್ರ ಎದುರಿಗೇ ಇತ್ತು. ಹೊಸ ಆಲ್ಬಮುಗಳು ತಾವಾಗಿಯೇ ಸಾರ್ವಜನಿಕವಾಗಿರುತ್ತವೆ. ಖಾಸಗಿ ಮಾಡಬೇಕಾದವರು ನಾವು. ಇಡೀ ಒಂದು ರಾತ್ರಿ ಅದು ಜಗತ್ತಿಗೆಲ್ಲ ತೆರೆದಿತ್ತು. ಕೆಂಪು ಅಕ್ಷರದ ಎಚ್ಚರಿಕೆ ಒಂದೂ ಬರಲಿಲ್ಲ, ಏಕೆಂದರೆ ಯಂತ್ರದ ಲೆಕ್ಕದಲ್ಲಿ ಅದು ತಪ್ಪೇ ಅಲ್ಲ. ಆ ಚಿತ್ರವನ್ನು ಅಂದೇ ತೆಗೆದುಹಾಕಿದೆವು.

ಆದ್ದರಿಂದ ಓದುಗರೇ, ಈ ಕ್ರಮ ಪಾಲಿಸಿ. ಮೊದಲು ಹೂವಿನದೋ ಮರದ್ದೋ ಒಂದೇ ಚಿತ್ರ ಹಾಕಿ ನೋಡಿ. ಆಲ್ಬಮನ್ನು ಖಾಸಗಿ ಮಾಡಿ, ನೆರೆಮನೆಯವರ ಫೋನಿನಲ್ಲಿ ತೆರೆಯಲು ಪ್ರಯತ್ನಿಸಿ. ಅಲ್ಲಿ ಕಾಣದಿದ್ದರೆ ಮಾತ್ರ ಉಳಿದವನ್ನು ಸೇರಿಸಿ. ಮೂಲ ಚಿತ್ರಗಳನ್ನು ಎಂದೂ ಅಳಿಸಬೇಡಿ; ಬೇರೊಂದು ಡಿಸ್ಕಿನಲ್ಲಿ ಪ್ರತಿ ಇರಲಿ. ಡೇಟಾಬೇಸಿನ ಪ್ರತಿಯನ್ನೂ ತೆಗೆದಿಡಿ, ಬರೆದ ಹೆಸರುಗಳೆಲ್ಲ ಅದರಲ್ಲೇ ಇರುತ್ತವೆ.

ಆ ಹೆಸರುಗಳ ಬೆಲೆ ನಮಗೆ ಆಮೇಲೆ ತಿಳಿಯಿತು. ದುಬೈಯಿಂದ ಚಿಕ್ಕಮ್ಮ ಚಿತ್ರ ನೋಡಿ ಫೋನ್ ಮಾಡಿದರು. ಹಿಂದಿನ ಸಾಲಿನಲ್ಲಿ ನಿಂತ ಹುಡುಗ ಯಾರೆಂದು ಊರಿನಲ್ಲಿರುವ ನಮಗಾರಿಗೂ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ಆ ಕ್ಷಣವೇ ಚಿತ್ರದ ಕೆಳಗೆ ಬರೆದೆವು. ನಿಮ್ಮ ಮನೆಯಲ್ಲೂ ಹೇಳಬಲ್ಲ ಹಿರಿಯರಿದ್ದಾರೆ, ಅಲ್ಲವೇ? ಚಿತ್ರಸಂಪುಟ ತೆರೆಯಲು ಮೂರು ಸಂಜೆ ಹಿಡಿದರೂ ಸರಿ, ಹೆಸರು ಕೇಳಿ ಬರೆದಿಡುವುದನ್ನು ಇಂದೇ ಶುರು ಮಾಡಿ.