ಮಾತ್ರೆ ಡಬ್ಬಿ ಮತ್ತು ಬೆಳಗಿನ ನಡಿಗೆ

ಕಳೆದ ವರ್ಷ ಕಂಪನಿಯ ಹೆಲ್ತ್ ಚೆಕಪ್ ರಿಪೋರ್ಟ್ ಕೈಗೆ ಬಂದಾಗ ಎದೆ ಧಸಕ್ಕೆಂದಿತು. ಸೊಂಟದ ಸುತ್ತಳತೆ 98 ಸೆಂ.ಮೀ., ಖಾಲಿ ಹೊಟ್ಟೆಯ ಶುಗರ್ 112, ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್. ನಮ್ಮ ದೇಶದ ಗಂಡಸರಿಗೆ ಸೊಂಟ 90 ಸೆಂ.ಮೀ. ದಾಟಿದರೇ ಹುಷಾರಾಗಬೇಕಂತೆ. ಅಪ್ಪನಿಗೆ ನಲವತ್ತೆರಡಕ್ಕೇ ಸಕ್ಕರೆ ಕಾಯಿಲೆ ಬಂದಿತ್ತು. ನನಗೀಗ ಮೂವತ್ತು.

ಮಾರನೇ ದಿನದಿಂದಲೇ ಬೆಳಗ್ಗೆ ಮುಕ್ಕಾಲು ಗಂಟೆ ಬಿರುಸು ನಡಿಗೆ ಶುರು ಮಾಡಿದೆ. ಜೊತೆಗೆ ಆನ್‌ಲೈನ್‌ನಲ್ಲಿ ವಿಟಮಿನ್ ಸಿ ಮತ್ತು ಇ ಮಾತ್ರೆಗಳನ್ನೂ ತರಿಸಿಕೊಂಡೆ. ನನ್ನ ಲೆಕ್ಕ ಸರಳವಾಗಿತ್ತು. ಬೊಜ್ಜು ಇದ್ದವರಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ ಜಾಸ್ತಿ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರಲ್ಲಿ ಅದರ ಪಾಲೂ ಇದೆ. ಆಂಟಿಆಕ್ಸಿಡೆಂಟ್ ಅದನ್ನು ತಗ್ಗಿಸುತ್ತೆ. ವ್ಯಾಯಾಮವೂ ಒಳ್ಳೇದು, ಮಾತ್ರೆಯೂ ಒಳ್ಳೇದು. ಎರಡೂ ಸೇರಿದರೆ ಇನ್ನೂ ಒಳ್ಳೇದಲ್ವಾ?

ಅಮ್ಮ ಡಬ್ಬಿ ನೋಡಿ, "ಇದನ್ನ ಡಾಕ್ಟ್ರು ಬರ್ಕೊಟ್ರೇನೋ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ಕೂತು ಓದಿದೆ.

2009ರಲ್ಲಿ ಜರ್ಮನಿಯ ಸಂಶೋಧಕರು ಆರೋಗ್ಯವಂತ ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದ್ದರು. ಅವರಲ್ಲಿ ಕೆಲವರಿಗೆ ದಿನಕ್ಕೆ 1000 ಮಿ.ಗ್ರಾಂ. ವಿಟಮಿನ್ ಸಿ, 400 ಐಯು ವಿಟಮಿನ್ ಇ ಕೊಟ್ಟರು. ಮಾತ್ರೆ ತಿನ್ನದವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು. ಮಾತ್ರೆ ತಿಂದವರಲ್ಲಿ ಆ ಲಾಭ ಕಾಣಲಿಲ್ಲ!

ಕಾರಣ ಕುತೂಹಲಕಾರಿ. ನಾವು ಬೆವರು ಬರೋ ಹಾಗೆ ನಡೆದಾಗ ಸ್ನಾಯುಗಳಲ್ಲಿ ಒಂದಿಷ್ಟು ಫ್ರೀ ರ‍್ಯಾಡಿಕಲ್‌ಗಳು ಹುಟ್ಟುತ್ತವೆ. ಜೀವಕೋಶಕ್ಕೆ ಅದೇ ಸಂದೇಶ: ನಿನ್ನ ರಕ್ಷಣೆ ನೀನೇ ಬಲಪಡಿಸಿಕೋ ಅಂತ. ಅತಿ ಡೋಸಿನ ಮಾತ್ರೆ ಆ ಸಂದೇಶವನ್ನೇ ಅಳಿಸಿಬಿಡಬಹುದು. ಆಫೀಸಿನಲ್ಲಿ ಸರ್ವರ್ ಅಲರ್ಟ್‌ಗಳನ್ನು ಮ್ಯೂಟ್ ಮಾಡಿ, ಎಲ್ಲಾ ಸರಿಯಿದೆ ಅಂದುಕೊಳ್ಳೋ ಥರ.

ಆದರೆ ಇದೇ ಕೊನೆಯ ಮಾತಲ್ಲ. ಇಂಥ ತೊಂದರೆ ಕಾಣದ ಅಧ್ಯಯನಗಳೂ ಇವೆ. ಮೇಲಾಗಿ ಅವರೆಲ್ಲ ಆರೋಗ್ಯವಂತ ಯುವಕರು, ನನ್ನ ಹಾಗೆ ಹೊಟ್ಟೆ ಬಂದವರಲ್ಲ. ಮಾತ್ರೆಯ ವಿಷಯದಲ್ಲಿ ವಾದ ಇದೆ, ನಡಿಗೆಯ ವಿಷಯದಲ್ಲಿ ಇಲ್ಲ. ವಾರಕ್ಕೆ 150 ನಿಮಿಷ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಕೊನೆಗೆ ಡಾಕ್ಟರ್ ಹತ್ತಿರ ಹೋದೆ. "ನಡಿಗೆ ಬಿಡಬೇಡಿ. ಮಾತ್ರೆ ನಿಮಗೆ ಬೇಕಿಲ್ಲ, ಹಣ್ಣು ತಿನ್ನಿ" ಅಂದರು. ನಮಗೆ ದಿನಕ್ಕೆ ಬೇಕಾದ ವಿಟಮಿನ್ ಸಿ ಸುಮಾರು 80 ಮಿ.ಗ್ರಾಂ. ಒಂದು ಸೀಬೆಹಣ್ಣಿನಲ್ಲೇ ಅದಕ್ಕಿಂತ ಹೆಚ್ಚು ಇರುತ್ತೆ. ಸಾವಿರ ಮಿ.ಗ್ರಾಂ. ನುಂಗುವ ಅವಸರ ಯಾಕಿತ್ತೋ!

ಒಂದು ಮಾತು ಮಾತ್ರ ನೆನಪಿರಲಿ. ಕೆಲವರಿಗೆ ಫ್ಯಾಟಿ ಲಿವರ್‌ಗೆ ಡಾಕ್ಟರೇ ವಿಟಮಿನ್ ಇ ಬರೆದಿರುತ್ತಾರೆ, ಇನ್ನು ಕೆಲವರಿಗೆ ಬಿ12 ಕೊರತೆ ಇರುತ್ತೆ. ಅಂಥವರು ಈ ಲೇಖನ ಓದಿ ಮಾತ್ರೆ ನಿಲ್ಲಿಸಬೇಡಿ. ನಾನು ಹೇಳ್ತಿರೋದು ನಮ್ಮಷ್ಟಕ್ಕೆ ನಾವೇ ತರಿಸಿಕೊಳ್ಳೋ ಡಬ್ಬಿಗಳ ಬಗ್ಗೆ.

ಎಂಟು ತಿಂಗಳಾಯ್ತು. ಸೊಂಟ 93ಕ್ಕೆ ಇಳಿದಿದೆ, ಶುಗರ್ 101. ಇನ್ನೂ ದಾರಿ ಇದೆ. ಈಗ ಅಪ್ಪನೂ ಬೆಳಗ್ಗೆ ಜೊತೆಗೆ ಬರ್ತಾರೆ. ಎರಡು ಸುತ್ತು ಆದಮೇಲೆ ಪಾರ್ಕಿನ ಬೆಂಚಲ್ಲಿ ಕೂತು, "ನೀನು ಇನ್ನೊಂದು ಸುತ್ತು ಹೋಗಿ ಬಾರಪ್ಪಾ, ನಿನ್ನ ವಯಸ್ಸಲ್ಲಿ ನನಗೆ ಯಾರೂ ಹೇಳಿರಲಿಲ್ಲ" ಅಂತಾರೆ. ನಾನು ಹೋಗಿ ಬರ್ತೀನಿ.