ಎಳೆಯದ ಗೆರೆ ದಾಟಿದವರು

2018ರ ಜುಲೈನಲ್ಲಿ ನಮ್ಮ ಉತ್ತರ ಕನ್ನಡದ 18 ಮೀನುಗಾರರನ್ನು ಇರಾನ್ ಹಿಡಿದಿಟ್ಟುಕೊಂಡಿತು. ಕುಮಟಾ, ಹೊನ್ನಾವರ, ಭಟ್ಕಳದ ಕಡೆಯವರು. ದುಬೈಗೆ ದುಡಿಯಲು ಹೋಗಿ ಅಲ್ಲಿಯವರ ದೋಣಿ ಹತ್ತಿದವರು. ಇರಾನಿನ ಜಲಗಡಿ ದಾಟಿದರೆಂಬುದು ಆರೋಪ. ಅವರು ಮತ್ತೆ ಊರು ಕಾಣಲು ತಿಂಗಳುಗಳೇ ಹಿಡಿದವು. ದೇವಿಮನೆ ಘಟ್ಟ ಇಳಿದರೆ ಕುಮಟಾ. ಆದರೂ ಘಟ್ಟದ ಮೇಲಿನ ಭೈರುಂಬೆ, ಶಿರಸಿಯ ಕಡೆ ಆ ಸುದ್ದಿ ಬಂದಷ್ಟೇ ಬೇಗ ಮರೆತುಹೋಯಿತು. ನನಗೆ ಇದು ಇಂದಿಗೂ ನೋವಿನ ಸಂಗತಿ.

ಅವರು ದಾಟಿದ್ದಾದರೂ ಯಾವ ಗೆರೆಯನ್ನು? 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ದಡದಿಂದ 12 ನಾಟಿಕಲ್ ಮೈಲಿವರೆಗೆ ಆ ದೇಶದ್ದೇ ಕಡಲು. 200 ಮೈಲಿವರೆಗೆ, ಅಂದರೆ ಸುಮಾರು 370 ಕಿ.ಮೀ.ವರೆಗೆ, ಮೀನು ಮತ್ತು ತೈಲದ ಹಕ್ಕಿರುವ ವಿಶೇಷ ಆರ್ಥಿಕ ವಲಯ. ಪರ್ಷಿಯನ್ ಕೊಲ್ಲಿಯೋ ಅತಿ ಅಗಲದ ಕಡೆಯೂ 340 ಕಿ.ಮೀ. ಆಸುಪಾಸು. ಒಬ್ಬರಿಗೇ ಸಾಲದ ನೀರನ್ನು ಎರಡು ದಡದವರು ಹಂಚಿಕೊಳ್ಳಬೇಕು. ಕಡಲತಳದ ಗಡಿಯ ಒಪ್ಪಂದಕ್ಕೆ ಇರಾನ್ ಮತ್ತು ದುಬೈ 1974ರಲ್ಲಿ ಸಹಿ ಹಾಕಿದವು; ದುಬೈ ಸೇರಿರುವ ಸಂಯುಕ್ತ ಅರಬ್ ಎಮಿರೇಟ್ಸ್ ಅದನ್ನು ಅನುಮೋದಿಸಲೇ ಇಲ್ಲ. ಅಬು ಮೂಸಾ ಮತ್ತು ಎರಡು ತುಂಬ್ ದ್ವೀಪಗಳಲ್ಲಿ 1971ರ ನವೆಂಬರ್ 30ರಂದು ಇರಾನಿನ ಪಡೆ ಇಳಿಯಿತು. ಅವು ತನ್ನವೆಂಬ ಎಮಿರೇಟ್ಸ್‌ನ ತಕರಾರು ಇನ್ನೂ ಮುಗಿದಿಲ್ಲ. ದ್ವೀಪವೇ ಯಾರದೆಂದು ತೀರ್ಮಾನವಾಗದಿದ್ದರೆ ಸುತ್ತಲಿನ ನೀರು ಯಾರದು?

ನಮ್ಮಲ್ಲಿ ಬೆಟ್ಟಕ್ಕೂ ತೋಟಕ್ಕೂ ಗಡಿಯಾಗಿ ಅಗಳವಿದೆ. ತಕರಾರಾದರೆ ಸರ್ವೆಯವರನ್ನು ಕರೆಸಿ ಕಲ್ಲು ನೆಡಿಸುತ್ತೇವೆ. ರಾತ್ರಿ ಕಡಲಲ್ಲಿ ಬಲೆ ಬಿಟ್ಟು ಕೂತವನಿಗೆ ಕಾಣುವುದು ಕತ್ತಲು, ಜಿಪಿಎಸ್ ಪರದೆಯ ಮೇಲಿನ ಅಂಕಿ, ಅಷ್ಟೇ. ಬಲೆಯ ಜೊತೆ ದೋಣಿಯೂ ನೀರಿನ ಸೆಳೆತಕ್ಕೆ ಸರಿಯುತ್ತದೆ. ಎಂಜಿನ್ ಹಾಕಿ ಹಿಂದಿರುಗೋಣವೆಂದರೆ ಬಲೆ ನೀರಲ್ಲಿದೆ. ಕಡಿದುಬಿಟ್ಟರೆ ಮಾಲೀಕನಿಗೆ ಉತ್ತರ ಹೇಳಬೇಕು. ಎತ್ತ ಹೋಗಬೇಕೆಂದು ತೀರ್ಮಾನಿಸುವವನು ಕೂಲಿಯವನಲ್ಲ, ಸಿಕ್ಕಿಬೀಳುವವನು ಮಾತ್ರ ಅವನೇ.

ವಿಶ್ವಸಂಸ್ಥೆಯ ಆ ಸಮುದ್ರ ಕಾನೂನು ಒಪ್ಪಂದದ 73ನೇ ವಿಧಿ ಓದಬೇಕು. ಆರ್ಥಿಕ ವಲಯದಲ್ಲಿ ಮೀನುಗಾರಿಕೆಯ ನಿಯಮ ಮೀರಿದವರಿಗೆ, ದೇಶಗಳ ನಡುವೆ ಬೇರೆ ಮಾತಾಗಿರದಿದ್ದರೆ, ಸೆರೆವಾಸ ಕೂಡದು. ಜಾಮೀನು ಪಡೆದು ದೋಣಿಯನ್ನೂ ಜನರನ್ನೂ ಬೇಗ ಬಿಡಬೇಕು. ಬಂಧನದ ಸುದ್ದಿ ತಿಳಿಸಬೇಕಾದ್ದು ದೋಣಿ ಯಾವ ದೇಶದ್ದೋ ಆ ದೇಶಕ್ಕೆ. ಅದರಲ್ಲಿ ದುಡಿಯುವ ಕುಮಟೆಯವನ ದೇಶದ ಪ್ರಸ್ತಾಪ ಅಲ್ಲಿಲ್ಲ. ಸಾಲದ್ದಕ್ಕೆ ಇರಾನ್, ಎಮಿರೇಟ್ಸ್ ಎರಡೂ ಒಪ್ಪಂದಕ್ಕೆ ಸಹಿ ಹಾಕಿವೆಯೇ ಹೊರತು ಅನುಮೋದಿಸಿಲ್ಲ. ತಾವು ಗೆರೆ ಎಳೆದುಕೊಳ್ಳದ ಸರ್ಕಾರಗಳು ಅದನ್ನು ದಾಟಿದವನನ್ನು ಹಿಡಿದಿಡುವುದು ಅನ್ಯಾಯ.

ಇದನ್ನು ಹೇಳುವ ಅರ್ಹತೆ ಭಾರತಕ್ಕಿದೆ. 2014ರಲ್ಲಿ ಬಂಗಾಳ ಕೊಲ್ಲಿಯ ತೀರ್ಪು ಬಂದು, ವಿವಾದದ 25,602 ಚದರ ಕಿ.ಮೀ.ಯಲ್ಲಿ 19,467 ಬಾಂಗ್ಲಾದೇಶದ ಪಾಲಾದಾಗಲೂ ನಾವು ಒಪ್ಪಿಕೊಂಡೆವು. ಪಾಕಿಸ್ತಾನದ ಜೊತೆಗೇ 2008ರಲ್ಲಿ ಒಪ್ಪಂದ ಮಾಡಿಕೊಂಡಿದ್ದೇವೆ. ಅದರಂತೆ ಜನವರಿ 1 ಮತ್ತು ಜುಲೈ 1ರಂದು ಬಂಧಿತರ, ಮೀನುಗಾರರ ಪಟ್ಟಿ ವಿನಿಮಯವಾಗಬೇಕು. ಅಷ್ಟನ್ನು ಇರಾನಿನೊಡನೆ, ಕೊಲ್ಲಿ ದೇಶಗಳೊಡನೆ ಮಾಡಿಕೊಳ್ಳಲು ಏನಡ್ಡಿ? ಸಿಕ್ಕಿಬಿದ್ದರೆ ಜಾಮೀನು ಕಟ್ಟುವವನು, ಆ ದಿನಗಳ ಸಂಬಳ ಕೊಡುವವನು ದೋಣಿಯ ಮಾಲೀಕನೇ ಎಂದು ಕೆಲಸದ ಕರಾರಿನಲ್ಲಿ ಬರೆಸಬೇಕು. ಆ ಕರಾರು ಕನ್ನಡದಲ್ಲೂ ಇರಬೇಕು.

ಶಿರಸಿಯ ಮತವೂ ಕುಮಟೆಯ ಮತವೂ ಬೀಳುವುದು ಒಂದೇ ಲೋಕಸಭಾ ಕ್ಷೇತ್ರಕ್ಕೆ. ಈ ಬೇಡಿಕೆಗಳನ್ನು ಮನವಿಯಾಗಿ ಬರೆದು ಸಂಸದರ ಮುಂದಿಡೋಣ; ಅದಕ್ಕೆ ಘಟ್ಟದ ಮೇಲಿನ ನಮ್ಮ ಸೊಸೈಟಿಗಳು, ಗ್ರಾಮ ಪಂಚಾಯ್ತಿಗಳೂ ಸಹಿ ಹಾಕಲಿ.